ಮುದುಕಿಯ ಬೆಟ್ಟದ ಕಲ್ಲುಗುಪ್ಪೆಗಳು

ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರದಿಂದ ವಾಯವ್ಯ ದಿಕ್ಕಿಗೆ ಸುಮಾರು 50 ಮೈಲಿ ಹೋದರೆ, ಮೀಥ್ ಪ್ರಾಂತ್ಯದ ಅಂಚಿನಲ್ಲಿ ಓಲ್ಡ್‌ಕಾಸಲ್ ಎಂಬ ಸಣ್ಣ ಪೇಟೆಯೊಂದು ಸಿಗುತ್ತದೆ. ಮೀಥ್ ಎಂಬ ಹೆಸರಿಗೆ ನಡುನಾಡು ಎಂದರ್ಥ. ಫಲವತ್ತಾದ ನೆಲ, ಕಣ್ಣು ಹಾಯುವಷ್ಟು ದೂರ ಹಸುರು ಹುಲ್ಲುಗಾವಲು, ಒಂದೊಂದು ಹೊಲದ ಸುತ್ತಲೂ ಮುಳ್ಳುಗಿಡದ ಬೇಲಿ, ಬೇಲಿಯೊಳಗೆ ಮೇಯುವ ದನ, ಕುರಿ. ಈ ಬಯಲಿನ ನಡುವೆ ಪೂರ್ವ ಪಶ್ಚಿಮವಾಗಿ ಮೂರು ಮೈಲಿಯಷ್ಟು ಉದ್ದಕ್ಕೆ ಗುಡ್ಡಸಾಲೊಂದು ಮಲಗಿದೆ. ಎತ್ತರ ಹೆಚ್ಚೇನೂ ಅಲ್ಲ. ಅತಿ ಎತ್ತರದ ನೆತ್ತಿಯೂ ಸಮುದ್ರಮಟ್ಟದಿಂದ 900 ಅಡಿಯ ಆಸುಪಾಸಿನದು. ನಕ್ಷೆಗಳಲ್ಲಿ ಇದಕ್ಕೆ ಲಾಕ್‌ಕ್ರೂ ಗುಡ್ಡಗಳೆಂದು ಹೆಸರು. ಆದರೆ ಐರಿಷ್ ಭಾಷೆಯಲ್ಲಿ ಇದು ‘ಸ್ಲೀವ್ ನ ಕಾಲೀ’, ಅಂದರೆ ಮುದುಕಿಯ ಬೆಟ್ಟ.

ಈ ಬೆಟ್ಟಕ್ಕೆ ಕೋಟೆಯಿಲ್ಲ, ಅರಮನೆಯಿಲ್ಲ, ಶಾಸನವೂ ಇಲ್ಲ. ಇರುವುದು ಕಲ್ಲಿನ ಗುಪ್ಪೆಗಳು. ಐದು ಸಾವಿರ ವರ್ಷಗಳಿಗೂ ಹಿಂದಿನ ಜನ ತಮ್ಮ ಸತ್ತವರಿಗಾಗಿ ಪೇರಿಸಿದ ಗುಪ್ಪೆಗಳು ಇವು. ಇವನ್ನು ಕಂಡವರೆಲ್ಲ ತಮ್ಮ ತಮ್ಮ ಕಾಲಕ್ಕೆ ತೋಚಿದ ಕಥೆಯನ್ನು ಇವಕ್ಕೆ ಕಟ್ಟಿದ್ದಾರೆ. ಆ ಕಥೆಗಳಲ್ಲೊಂದಕ್ಕೆ ನಮ್ಮ ಕಲ್ಯಾಣ ಕರ್ನಾಟಕದ ಸುರಪುರದ ಎಳೆಯೂ ಸೇರಿಕೊಂಡಿದೆ. ಅದನ್ನು ಮುಂದೆ ನೋಡೋಣ. ಮೊದಲು ಬೆಟ್ಟವನ್ನು ಹತ್ತೋಣ.

ಗುಡ್ಡಸಾಲಿನಲ್ಲಿ ಮುಖ್ಯವಾದ ನೆತ್ತಿಗಳು ಮೂರು. ಪೂರ್ವದ ಕಾರ್ನ್‌ಬಾನ್, ಪಶ್ಚಿಮದ ಕಾರ್ನ್‌ಬಾನ್, ಇವೆರಡಕ್ಕೂ ಪೂರ್ವಕ್ಕೆ ಪ್ಯಾಟ್ರಿಕ್‌ಟೌನ್. ಕಾರ್ನ್‌ಬಾನ್ ಎಂದರೆ ಬಿಳಿಯ ಗುಪ್ಪೆ. ಗುಪ್ಪೆಗಳ ಸುತ್ತಮುತ್ತ ಬೆಣಚುಕಲ್ಲಿನ ಬಿಳಿ ಚೂರುಗಳು ಸಿಕ್ಕಿವೆ. ಹಿಂದೊಮ್ಮೆ ಅವು ಬಿಸಿಲಿಗೆ ದೂರದವರೆಗೂ ಹೊಳೆಯುತ್ತಿದ್ದಿರಬೇಕು. ಹೆಸರಿನಲ್ಲಿ ಆ ಹೊಳಪಿನ ನೆನಪು ಉಳಿದುಕೊಂಡಂತಿದೆ.

ಪೂರ್ವದ ಕಾರ್ನ್‌ಬಾನಿಗೆ ಕಾಲುದಾರಿಯಿದೆ. ಇಕ್ಕೆಲದಲ್ಲೂ ಹಳದಿ ಹೂ ಬಿಡುವ ಮುಳ್ಳುಪೊದೆ. ಮಳೆ ಆ ದೇಶದಲ್ಲಿ ಅತಿಥಿಯಲ್ಲ, ಮನೆಯವನು. ಹೀಗಾಗಿ ಹುಲ್ಲು ಸದಾ ಒದ್ದೆ. ಏದುಸಿರು ಬಿಡುವ ಮೊದಲೇ ಹತ್ತುವುದು ಮುಗಿದಿರುತ್ತದೆ. ಮೇಲೆ ನಿಂತು ನೋಡಿದರೆ, ಇಷ್ಟು ಕಡಿಮೆ ಎತ್ತರದಿಂದ ಇಷ್ಟು ದೇಶ ಕಾಣಬಹುದೆ ಎಂದು ಬೆರಗಾಗುತ್ತದೆ. ಸುತ್ತಲೂ ಬಯಲಾದುದರಿಂದ ದೃಷ್ಟಿಗೆ ತಡೆಯಿಲ್ಲ. ಹಸುರಿನ ಚೌಕಗಳು, ಅಲ್ಲಲ್ಲಿ ಕನ್ನಡಿಯ ತುಂಡಿನಂತೆ ಕೆರೆಗಳು, ದಿಗಂತದಲ್ಲಿ ನೀಲಿಯ ಗೆರೆಯಾಗಿ ದೂರದ ಪರ್ವತಗಳು. ಹತ್ತಾರು ಪ್ರಾಂತ್ಯಗಳ ನೆಲ ಇಲ್ಲಿಂದ ಕಾಣುತ್ತದೆಂಬುದು ಸುತ್ತಲಿನ ಹಳ್ಳಿಯವರ ಹೆಮ್ಮೆ. ಗೋರಿ ಕಟ್ಟಿದವರು ಈ ಸ್ಥಳವನ್ನೇ ಏಕೆ ಆರಿಸಿಕೊಂಡರೆಂದು ಬೇರೆ ಹೇಳಬೇಕಾಗಿಲ್ಲ. ಇಲ್ಲಿಂದ ಎಲ್ಲವೂ ಕಾಣುತ್ತದೆ. ಎಲ್ಲ ಕಡೆಯಿಂದಲೂ ಇದು ಕಾಣುತ್ತದೆ.

ನೆತ್ತಿಯ ಮೇಲೆ ಬೋರಲು ಹಾಕಿದ ಬುಟ್ಟಿಯಂತೆ ದೊಡ್ಡದೊಂದು ಕಲ್ಲುಗುಪ್ಪೆಯಿದೆ. ಪಂಡಿತರು ಇದನ್ನು ‘ಟಿ’ ಗುಪ್ಪೆಯೆಂದು ಕರೆಯುತ್ತಾರೆ. ಅಡ್ಡಳತೆ ಸುಮಾರು 115 ಅಡಿ. ಬುಡದ ಸುತ್ತ 37 ದೊಡ್ಡ ಬಂಡೆಗಳನ್ನು ಕಟ್ಟೆಯಂತೆ ನಿಲ್ಲಿಸಿದ್ದಾರೆ. ಉತ್ತರದ ಕಡೆಯ ಬಂಡೆಯೊಂದು ಮಿಕ್ಕವಕ್ಕಿಂತ ಬಹು ದೊಡ್ಡದು. ಹತ್ತು ಅಡಿ ಅಗಲ, ಆರು ಅಡಿ ಎತ್ತರ, ನಡುವೆ ಕೂರಲು ಮಾಡಿದಂತೆ ತಗ್ಗು. ಇದೇ ಮುದುಕಿಯ ಕುರ್ಚಿ. ಪೂರ್ವದ ಕಡೆಗೆ ಒಂದು ಕಿರುಬಾಗಿಲು. ಬಗ್ಗಿ ಹೊಕ್ಕರೆ ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಇಕ್ಕಟ್ಟಾದ ಓಣಿ. ಓಣಿಯ ಕೊನೆಗೆ ಒಂದು ಕೋಣೆ. ಕೋಣೆಗೆ ಮೂರು ಕಡೆ ಮೂರು ಗೂಡು. ಮೇಲಿನಿಂದ ನೋಡಿದರೆ ಶಿಲುಬೆಯ ಆಕಾರ. ಆದರೆ ಇದನ್ನು ಕಟ್ಟುವಾಗ ಕ್ರಿಸ್ತ ಹುಟ್ಟಲು ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಾಕಿಯಿತ್ತು.

ಇಂಥ ಗುಪ್ಪೆಗಳು, ಚಿಕ್ಕವು ದೊಡ್ಡವು ಸೇರಿ, ಈ ಸಾಲಿನ ಮೇಲೆ ಸುಮಾರು ಮೂವತ್ತು ಇವೆ. ಪಶ್ಚಿಮದ ನೆತ್ತಿಯ ಮೇಲಿನ ‘ಡಿ’ ಗುಪ್ಪೆಯ ಅಡ್ಡಳತೆ 180 ಅಡಿ. ಅದರ ಬಳಿಯ ‘ಎಲ್’ ಗುಪ್ಪೆಯ ಕೋಣೆಯೊಳಗೆ ಆಳೆತ್ತರಕ್ಕೂ ಮಿಗಿಲಾದ ಬಿಳಿಯ ಸುಣ್ಣಕಲ್ಲಿನ ಕಂಬವೊಂದು ಒಂಟಿಯಾಗಿ ನಿಂತಿದೆ. ಅದು ಯಾವ ಭಾರವನ್ನೂ ಹೊತ್ತಿಲ್ಲ. ಕೋಣೆ ಕಟ್ಟಿದವರು ಅದನ್ನು ನಿಲ್ಲಿಸಬೇಕೆಂದೇ ನಿಲ್ಲಿಸಿದ್ದಾರೆ.

ಇನ್ನು ಮುದುಕಿಯ ಕಥೆ. ಹಿಂದಿನ ಕಾಲದಲ್ಲಿ ಒಬ್ಬ ಮಹಾಮಾಯಾವಿ ಮುದುಕಿಯಿದ್ದಳಂತೆ. ಮಡಿಲ ತುಂಬ ಕಲ್ಲು ತುಂಬಿಕೊಂಡು ಗುಡ್ಡದಿಂದ ಗುಡ್ಡಕ್ಕೆ ಹಾರಿ, ಒಂದೊಂದು ಗುಡ್ಡದ ಮೇಲೂ ಒಂದಿಷ್ಟು ಸುರಿದರೆ ಇಡೀ ದೇಶದ ಒಡೆತನ ಅವಳದಾಗಬೇಕೆಂಬ ಒಪ್ಪಂದ. ಮೊದಲನೆಯ ಗುಡ್ಡಕ್ಕೆ ಹಾರಿದಳು, ಸುರಿದಳು. ಎರಡನೆಯದೂ ಆಯಿತು, ಮೂರನೆಯದೂ ಆಯಿತು. ಕೊನೆಯ ಹಾರಿಕೆಯಲ್ಲಿ ಕಾಲು ಜಾರಿ ಬಿದ್ದು ಕತ್ತು ಮುರಿದು ಸತ್ತಳು. ಪ್ಯಾಟ್ರಿಕ್‌ಟೌನ್ ಗುಡ್ಡದ ಮಗ್ಗುಲಲ್ಲೇ ಅವಳನ್ನು ಹೂಳಿದರಂತೆ. 1830ರ ದಶಕದಲ್ಲಿ ಸರ್ಕಾರದ ಭೂಮಾಪನದವರು ಐರ್ಲೆಂಡಿನ ಊರೂರಿಗೆ ನಕ್ಷೆ ಬರೆಯುತ್ತಿದ್ದಾಗ, ಅವರೊಡನೆ ಇದ್ದ ಜಾನ್ ಓ’ಡೊನೊವನ್ ಎಂಬ ಭಾಷಾವಿದ್ವಾಂಸರು ಸ್ಥಳನಾಮಗಳ ಜೊತೆಗೆ ಇಂಥ ಕಥೆಗಳನ್ನೂ ರೈತರ ಬಾಯಿಂದ ಕೇಳಿ ಬರೆದಿಟ್ಟರು. ‘ಕಾಲ್ಯಖ್’ ಎಂಬ ಪದಕ್ಕೆ ಮೊದಲಿದ್ದ ಅರ್ಥ ಮುಸುಕು ಹೊದ್ದವಳು ಎಂದು. ಬಳಿಕ ಸನ್ಯಾಸಿನಿ, ಆಮೇಲೆ ಮುದುಕಿ ಎಂದಾಯಿತು. ಹೊಸ ಧರ್ಮ ಬಂದ ಮೇಲೆ ಪದವಿ ಕಳೆದುಕೊಂಡ ಹಳೆಯ ದೇವತೆಯೇ ಈ ಮುದುಕಿ ಇರಬಹುದೆಂದು ವಿದ್ವಾಂಸರಲ್ಲಿ ಹಲವರ ಊಹೆ.

ಕಥೆಯನ್ನು ಕೇಳಿ ನಗಬಹುದು. ಆದರೆ ಅದು ಮಾಡಿದ ಒಂದು ಉಪಕಾರವನ್ನು ಮರೆಯಬಾರದು. ಐರ್ಲೆಂಡಿನ ಹಳ್ಳಿಗರಲ್ಲಿ ಹಳೆಯ ಮಣ್ಣುಕೋಟೆ, ಕಲ್ಲುಗುಪ್ಪೆ, ಒಂಟಿ ಮುಳ್ಳುಮರ ಇವುಗಳಿಗೆ ಕೈಹಚ್ಚಿದರೆ ಕೇಡು ತಪ್ಪದೆಂಬ ನಂಬಿಕೆ ಬಲವಾಗಿತ್ತು. ನೇಗಿಲು ಹೂಡುವವನು ಹೊಲದ ನಡುವಿನ ದಿಬ್ಬವನ್ನು ಸುತ್ತಿಕೊಂಡು ಹೋಗುತ್ತಿದ್ದ. ಕಾನೂನು ಹುಟ್ಟುವುದಕ್ಕೆ ಶತಮಾನಗಳ ಮೊದಲು ಈ ಭಯವೇ ಆ ದೇಶದ ಪ್ರಾಚೀನ ಅವಶೇಷಗಳ ಕಾವಲುಗಾರನಾಗಿತ್ತು.

ಬೆಟ್ಟದ ಬುಡದ ಲಾಕ್‌ಕ್ರೂ ಊರಿಗೂ ಒಂದು ಇತಿಹಾಸವಿದೆ. 1625ರಲ್ಲಿ ಆಲಿವರ್ ಪ್ಲಂಕೆಟ್ ಹುಟ್ಟಿದ್ದು ಇಲ್ಲಿ. ಅವರು ಆರ್ಮಾದ ಆರ್ಚ್‌ಬಿಷಪ್ ಆಗಿ, ಸುಳ್ಳು ರಾಜದ್ರೋಹದ ಆರೋಪಕ್ಕೆ ಗುರಿಯಾಗಿ, 1681ರ ಜುಲೈ 1ರಂದು ಲಂಡನ್ನಿನ ಟೈಬರ್ನಿನಲ್ಲಿ ಗಲ್ಲಿಗೇರಿದರು. 1975ರಲ್ಲಿ ರೋಮಿನ ಪೋಪರು ಅವರನ್ನು ಸಂತರೆಂದು ಸಾರಿದರು. ಅವರ ಬಳಿಕ ಬಂದ ಕಟು ಕಾನೂನುಗಳ ಕಾಲದಲ್ಲಿ ಕ್ಯಾಥೊಲಿಕರ ಪೂಜೆಗೆ ಅಡ್ಡಿಯಾದಾಗ ಜನ ಕಣ್ಮರೆಯ ಜಾಗಗಳಲ್ಲಿ ಸೇರುತ್ತಿದ್ದರು. ಆಗ ಮುದುಕಿಯ ಕುರ್ಚಿಯೇ ಪೂಜಾಪೀಠವಾಗಿತ್ತೆಂದು ಸ್ಥಳೀಯರ ಹೇಳಿಕೆ. ಅದರ ಮೇಲೆ ಒಂದು ಶಿಲುಬೆಯ ಗುರುತೂ ಇದೆ. ಮಾಟಗಾತಿಯ ಆಸನ ದೇವರ ಪೀಠವಾಯಿತು. ಕಲ್ಲು ಮಾತ್ರ ಅದೇ.

ಇಂಥ ಬೆಟ್ಟವನ್ನು ವಿದ್ಯಾವಂತರ ಪ್ರಪಂಚಕ್ಕೆ ತೋರಿಸಿಕೊಟ್ಟವರು ಒಬ್ಬ ಶಾಲಾ ಇನ್ಸ್‌ಪೆಕ್ಟರು. ಅವರ ಹೆಸರು ಯೂಜೀನ್ ಕಾನ್‌ವೆಲ್. ಮೀಥ್ ಪ್ರಾಂತ್ಯದ ಟ್ರಿಮ್ ಊರಿನಲ್ಲಿ ವಾಸ. 1863ರ ಜೂನ್ ತಿಂಗಳಲ್ಲಿ ಹೆಂಡತಿಯೊಡನೆ ಒಂದು ದಿನದ ವಿಹಾರಕ್ಕೆಂದು ಬೆಟ್ಟ ಹತ್ತಿದರು. ಮುದುಕಿಯ ಕುರ್ಚಿಯನ್ನು ನೋಡಿ ಬರೋಣವೆಂದು ಹೋದವರಿಗೆ ಕಂಡದ್ದು ಗುಪ್ಪೆಗಳ ಸಾಲು, ಬಂಡೆಗಳ ಮೇಲೆ ಯಾರೋ ಕೊರೆದ ಸುರುಳಿ, ವೃತ್ತ, ಅಲೆಗೆರೆಗಳು. ಅಲ್ಲಿಂದ ಮುಂದೆ ಅವರಿಗೆ ಬೆಟ್ಟದ್ದೇ ಧ್ಯಾನ. 1865ರಲ್ಲಿ ಜಮೀನುದಾರರ ಒಪ್ಪಿಗೆ ಮತ್ತು ಕೂಲಿಗಳ ನೆರವಿನಿಂದ ಗುಪ್ಪೆಗಳನ್ನು ತೆರೆಸಿದರು. ಒಳಗೆ ಸುಟ್ಟ ಮಾನವ ಮೂಳೆಗಳು, ಮಡಕೆ ಚೂರುಗಳು, ಎಲುಬಿನ ಸೂಜಿಗಳು, ನುಣುಪಾಗಿ ತಿಕ್ಕಿದ ಕಲ್ಲಿನ ಗುಂಡುಗಳು ದೊರೆತವು. ಅದೇ ಕಾಲದಲ್ಲಿ ಭೂಗರ್ಭ ಸರ್ವೇಕ್ಷಣೆಯ ಜಾರ್ಜ್ ಡು ನೋಯರ್ ಎಂಬ ಕಲಾವಿದರು ಕೆತ್ತನೆಗಳನ್ನು ಕಾಗದಕ್ಕಿಳಿಸಿದರು.

ಕಾನ್‌ವೆಲ್ ಗುಪ್ಪೆಗಳನ್ನೆಲ್ಲ ಎಣಿಸಿ ಅಳೆದು, ಅಕ್ಷರಮಾಲೆಯ ಒಂದೊಂದು ಅಕ್ಷರವನ್ನು ಒಂದೊಂದಕ್ಕೆ ಕೊಟ್ಟರು. ಇಲ್ಲಿಯವರೆಗೆ ‘ಟಿ’, ‘ಡಿ’, ‘ಎಲ್’ ಎಂದು ನಾವು ಹೇಳುತ್ತ ಬಂದದ್ದು ಅದೇ ಕ್ರಮ. ಅಷ್ಟಕ್ಕೆ ಅವರು ತೃಪ್ತರಾಗಲಿಲ್ಲ. ‘ಟಿ’ ಗುಪ್ಪೆಯು ಐರಿಷ್ ಪುರಾಣದ ಶಾಸನಕರ್ತ ರಾಜ ಓಲವ್ ಫೋಲಾನ ಸಮಾಧಿಯೆಂದೂ, ಮುದುಕಿಯ ಕುರ್ಚಿಯೇ ಆತನ ಸಿಂಹಾಸನವೆಂದೂ ವಾದಿಸಿ 1873ರಲ್ಲಿ ಪುಸ್ತಕವನ್ನೇ ಬರೆದರು. ಇದು ಬರಿಯ ಭ್ರಮೆಯೆಂದು ತಳ್ಳಿಹಾಕುವ ಮೊದಲು ಆ ಕಾಲವನ್ನು ನೆನೆಯಬೇಕು. 1845ರಿಂದ ಕೆಲವು ವರ್ಷ ಆಲೂಗಡ್ಡೆಯ ಬೆಳೆ ಕೊಳೆತು ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು. ಅಷ್ಟೇ ಜನ ದೇಶ ಬಿಟ್ಟು ಹಡಗು ಹತ್ತಿದ್ದರು. ಜನರೊಡನೆ ಐರಿಷ್ ಭಾಷೆಯೂ ಹಳ್ಳಿಗಳಿಂದ ಬರಿದಾಗುತ್ತಿತ್ತು. ಪರರ ಆಳ್ವಿಕೆಯಲ್ಲಿ ಇಷ್ಟೆಲ್ಲ ಕಳೆದುಕೊಂಡ ಜನಕ್ಕೆ, ನಮಗೂ ಒಬ್ಬ ಶಾಸನಕರ್ತ ರಾಜನಿದ್ದ, ಇಗೋ ಅವನ ಸಿಂಹಾಸನ ಎಂದು ತೋರಿಸುವುದರಲ್ಲಿ ಎಂಥ ಸಮಾಧಾನ ಇದ್ದಿರಬೇಕು!

ಈಗ ಸುರಪುರದ ಎಳೆಗೆ ಬರೋಣ. ಕಾನ್‌ವೆಲ್ ತಮ್ಮ ಶೋಧನೆಯನ್ನು ಮಂಡಿಸಿದ್ದು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯಲ್ಲಿ. ಅವರು ಬೆಟ್ಟ ಹತ್ತುವುದಕ್ಕೆ ಒಂದು ವರ್ಷ ಮೊದಲು, 1862ರಲ್ಲಿ, ಅದೇ ಅಕಾಡೆಮಿಯ ಮುಂದೆ ಮತ್ತೊಂದು ಪ್ರಬಂಧ ಬಂದಿತ್ತು. ವಿಷಯ, ದಖನ್ ಪ್ರದೇಶದ ಕಲ್ಲುಗುಪ್ಪೆಗಳು, ಕಲ್ಲುಮನೆಗಳು, ಕಲ್ಲುಪೆಟ್ಟಿಗೆಯ ಗೋರಿಗಳು. ಬರೆದವರು ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ನಮ್ಮ ಕಡೆಯವರಿಗೆ ‘ಟೇಲರ್ ಸಾಹೇಬ’ರೆಂದು ಪರಿಚಿತರು.

ಟೇಲರರು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹುಡುಗನಾಗಿ ಮುಂಬಯಿಗೆ ಬಂದು, ನಿಜಾಮರ ಸೇನೆ ಸೇರಿದವರು. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡರು. ಅಲ್ಲಿನ ಗುಡ್ಡದ ಮೇಲೆ ಅವರು ವಾಸವಾಗಿದ್ದ ಮನೆಗೆ ಟೇಲರ್ ಮಂಜಿಲ್ ಎಂದು ಹೆಸರು. ಬಾಲರಾಜ ವೆಂಕಟಪ್ಪ ನಾಯಕರು ಅವರನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದರು. ಅದೇ ವೆಂಕಟಪ್ಪ ನಾಯಕರು 1858ರಲ್ಲಿ ಇಂಗ್ಲಿಷರ ವಿರುದ್ಧ ಬಂಡೆದ್ದು, ಸೆರೆಯಾಗಿ, ಆ ವರ್ಷವೇ ತೀರಿಕೊಂಡರು. ಪ್ರೀತಿಯ ಮಾತೂ ಆಳುವವನ ಅಧಿಕಾರವೂ ಒಂದೇ ಮನೆಯಲ್ಲಿ ಬಹುಕಾಲ ಇರಲಾರವೆಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನ ಬೇಕಿಲ್ಲ. 1860ರಲ್ಲಿ ಟೇಲರರು ನಿವೃತ್ತರಾಗಿ ಡಬ್ಲಿನ್ನಿನ ಹೊರವಲಯದಲ್ಲಿ ಮನೆಮಾಡಿದರು. 1876ರಲ್ಲಿ ಫ್ರಾನ್ಸಿನ ಮೆಂಟನ್ನಿನಲ್ಲಿ ಕಾಲವಾದರು.

ಸುರಪುರದಲ್ಲಿದ್ದಾಗ ಅವರು ಕಚೇರಿಯ ಕೆಲಸದ ಜೊತೆಗೆ ಸೀಮೆಯ ಹಳೆಯ ಕಲ್ಲುಗಳನ್ನು ಹುಡುಕಿ ಅಳೆಯುತ್ತಿದ್ದರು. ರಾಜನಕೋಳೂರಿನ ಕಲ್ಲುಮನೆಗಳು, ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಳು, ಜೇವರ್ಗಿಯ ಗೋರಿಗಳು, ಇವುಗಳ ವಿವರ ವಿದ್ವಾಂಸರ ಮುಂದೆ ಬಂದದ್ದು ಅವರಿಂದ. ಅಗೆಸಿ ನೋಡಿ, ಯಾವ ಪದರದಲ್ಲಿ ಏನು ಸಿಕ್ಕಿತೆಂದು ಗೋರಿಗಳ ಅಡ್ಡಕೊಯ್ತದ ಚಿತ್ರ ಬರೆದರು. ಭಾರತದ ಭೂಶೋಧನೆಗೆ ಹೊಸ ಶಿಸ್ತನ್ನು ಕಲಿಸಿದ ಮಾರ್ಟಿಮರ್ ವೀಲರ್ ಸಾಹೇಬರೂ ನೂರು ವರ್ಷಗಳ ಮೇಲೆ ಈ ಕೆಲಸವನ್ನು ಮೆಚ್ಚಿದರು.

ಡಬ್ಲಿನ್ನಿನಲ್ಲಿ ಟೇಲರರು ಹೇಳಿದ್ದರ ಸಾರಾಂಶ ಇದು: ಕೃಷ್ಣಾ ಭೀಮಾ ನದಿಗಳ ನಡುವಿನ ಕಲ್ಲಿನ ಗೋರಿಗಳಿಗೂ ಐರ್ಲೆಂಡು ಬ್ರಿಟನ್ನುಗಳ ಗೋರಿಗಳಿಗೂ ಆಕಾರದಲ್ಲಿ ಹೋಲಿಕೆಯಿದೆ, ಆದುದರಿಂದ ಇವನ್ನು ಕಟ್ಟಿದವರು ಮೂಲದಲ್ಲಿ ಒಂದೇ ಜನ, ಕೆಲ್ಟರೋ ಸಿಥಿಯನರೋ ಆಗಿರಬೇಕು. ಆ ಕಾಲದ ಹಲವು ವಿದ್ವಾಂಸರಿಗೆ ಇದು ಸಹಜವಾದ ತರ್ಕವಾಗಿತ್ತು. ಕಲ್ಲಿನ ವಯಸ್ಸನ್ನು ತಿಳಿಯುವ ಮಾರ್ಗ ಯಾರಿಗೂ ಇರಲಿಲ್ಲ. ಕಣ್ಣಿಗೆ ಕಾಣುವುದು ಆಕಾರವೊಂದೇ. ಆಕಾರ ಒಂದಾದರೆ ಕುಲವೂ ಒಂದೆಂದು ಭಾವಿಸಿದರು.

ಆಮೇಲಿನ ನೂರು ವರ್ಷಗಳಲ್ಲಿ ಈ ಊಹೆ ಬಿದ್ದುಹೋಯಿತು. 1947ರಲ್ಲಿ ವೀಲರರು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯನ್ನು ಅಗೆಸಿ, ನಮ್ಮ ಬೃಹತ್ ಶಿಲಾಸಮಾಧಿಗಳು ಕಬ್ಬಿಣ ಬಲ್ಲ ಜನರವೆಂದು ಪದರಗಳ ಆಧಾರದಿಂದ ತೋರಿಸಿದರು. 1949ರಲ್ಲಿ ಅಮೆರಿಕದ ವಿಲರ್ಡ್ ಲಿಬ್ಬಿ ಇಂಗಾಲದ ಅಳತೆಯಿಂದ ಹಳೆಯ ಇದ್ದಿಲು ಮೂಳೆಗಳ ವಯಸ್ಸು ಹೇಳುವ ವಿಧಾನವನ್ನು ಪ್ರಕಟಿಸಿದರು. ಈ ಎರಡು ದೀಪಗಳ ಬೆಳಕಿನಲ್ಲಿ ನೋಡಿದಾಗ ಚಿತ್ರವೇ ಬೇರೆಯಾಯಿತು. ಲಾಕ್‌ಕ್ರೂ ಮತ್ತು ಅದರ ಪೂರ್ವಕ್ಕೆ 30 ಮೈಲಿ ದೂರದ ಬಾಯ್ನ್ ಕಣಿವೆಯ ನ್ಯೂಗ್ರೇಂಜ್ ಮುಂತಾದ ಓಣಿಗೋರಿಗಳು ಕ್ರಿ. ಪೂ. 3300ರಿಂದ 3000ದ ಸುಮಾರಿನವು. ನಮ್ಮ ದಖನ್ನಿನ ಶಿಲಾಸಮಾಧಿಗಳಲ್ಲಿ ಬಹುಪಾಲು ಕ್ರಿ. ಪೂ. 1200ರಿಂದ ಈಚಿನವು. ಇವೆರಡರ ನಡುವೆ ಎರಡು ಸಾವಿರ ವರ್ಷಗಳ ಅಂತರ. ಅಲ್ಲಿನವರಿಗೆ ಯಾವ ಲೋಹವೂ ಗೊತ್ತಿರಲಿಲ್ಲ. ಇಲ್ಲಿನವರು ಈಟಿ, ಕತ್ತಿ, ಕೊಡಲಿಗಳನ್ನು ಸತ್ತವರ ಪಕ್ಕದಲ್ಲಿಟ್ಟರು. ಅಲ್ಲಿಯದು ಬದುಕಿದ್ದವರು ಮತ್ತೆ ಮತ್ತೆ ಹೊಕ್ಕು ಹೊರಡಲು ಓಣಿ ಬಿಟ್ಟ ಗೋರಿ. ಇಲ್ಲಿ ಹಲವು ಕಡೆ ಚಪ್ಪಡಿಗೆ ಕೊರೆದ ದುಂಡು ಕಂಡಿ. ಇನ್ನು ಕೆಲ್ಟರೋ, ಐರ್ಲೆಂಡಿನ ಗೋರಿಗಳು ಹಳೆಯವಾಗಿ ಹುಲ್ಲು ಬೆಳೆದ ಮೇಲೆ ಎಷ್ಟೋ ಶತಮಾನ ಕಳೆದು ಅವರ ಭಾಷೆ ಆ ದೇಶಕ್ಕೆ ಬಂದದ್ದು.

ಹಾಗಾದರೆ ಇವೆರಡರಲ್ಲಿ ಕಾಣುವ ಹೋಲಿಕೆ ಎಲ್ಲಿಯದು? ರಕ್ತಸಂಬಂಧದ್ದಲ್ಲ, ಕೆಲಸದ್ದು. ಸತ್ತವರನ್ನು ಮಳೆ ಗಾಳಿ ನರಿಗಳಿಂದ ಕಾಪಾಡಬೇಕು, ಹೊಲದಲ್ಲಿ ನಿಂತವನಿಗೂ ಆ ಜಾಗ ಕಾಣಬೇಕು ಎಂದು ಬಯಸುವವನ ಕೈಗೆ ಚಪ್ಪಡಿಯೂ ಗುಂಡೂ ಸಿಕ್ಕರೆ ಆತ ಮೂರು ಕಲ್ಲು ನಿಲ್ಲಿಸಿ ಒಂದನ್ನು ಮೇಲೆ ಹೊದಿಸುತ್ತಾನೆ. ಸುರಪುರದಲ್ಲೂ ಅದೇ, ಮೀಥಿನಲ್ಲೂ ಅದೇ. ಒಬ್ಬರನ್ನೊಬ್ಬರು ಕೇಳರಿಯದ, ಕಂಡರಿಯದ ಜನ ಒಂದೇ ದುಃಖಕ್ಕೆ ಒಂದೇ ಬಗೆಯ ಉಪಾಯ ಕಂಡುಕೊಂಡರು. ಟೇಲರರು ಕಟ್ಟಿದ ನೆಂಟಸ್ತಿಕೆಗಿಂತ ಇದು ಚಿಕ್ಕ ಮಾತಲ್ಲ.

ಲಾಕ್‌ಕ್ರೂ ಕಟ್ಟಿದವರ ಬಗೆಗೆ ಈಗ ನಾವು ಇಷ್ಟನ್ನು ಹೇಳಬಹುದು. ಅವರು ರೈತರು. ಅವರ ಹಿಂದಿನವರು ಕ್ರಿ. ಪೂ. 4000ದ ಈಚೆಗೆ ದೋಣಿಗಳಲ್ಲಿ ದನ, ಕುರಿ, ಗೋದಿ, ಬಾರ್ಲಿಗಳನ್ನು ಆ ದ್ವೀಪಕ್ಕೆ ತಂದರು. ಕಾಡು ಕಡಿದರು, ಉತ್ತರು. ಅವರಿಗೆ ಗಾಲಿಯಿಲ್ಲ, ಕುದುರೆಯಿಲ್ಲ, ಬರೆಹವಿಲ್ಲ. ಹತ್ತು ಟನ್ನಿನ ಬಂಡೆಯನ್ನು ಹಗ್ಗ, ಮರದ ದಿಮ್ಮಿ, ತೋಳುಗಳ ಬಲದಿಂದಲೇ ನೆತ್ತಿಗೆ ಸಾಗಿಸಬೇಕಾಗಿತ್ತು. ಚಕಮಕಿ ಅಥವಾ ಬೆಣಚುಕಲ್ಲಿನ ಮೊನೆಯಿಂದ ಕುಟ್ಟಿ ಕುಟ್ಟಿ ಚಿತ್ರ ಮೂಡಿಸಿದರು. 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಲಾರಾ ಕ್ಯಾಸಿಡಿ ಮತ್ತು ಸಂಗಡಿಗರು ಇಂಥ ಗೋರಿಗಳ ಮೂಳೆಗಳಿಂದ ವಂಶವಾಹಿಗಳನ್ನು ತೆಗೆದು ಪರೀಕ್ಷಿಸಿ, ನ್ಯೂಗ್ರೇಂಜಿನಲ್ಲಿ ಹೂತ ಒಬ್ಬಾತನಿಗೆ ದೇಶದ ಪಶ್ಚಿಮದ ಗೋರಿಗಳಲ್ಲಿ ದೂರದ ನೆಂಟರಿದ್ದರೆಂದು ತೋರಿಸಿದರು. ಆತನ ತಂದೆತಾಯಿ ತೀರ ಹತ್ತಿರದ ರಕ್ತಸಂಬಂಧಿಗಳಾಗಿದ್ದರೆಂದೂ ಕಂಡುಬಂತು. ಇದು ಆಳುವ ಮನೆತನದ ಗುರುತೆಂದು ಅವರ ಅಭಿಪ್ರಾಯ, ಒಪ್ಪದವರೂ ಉಂಟು. ಕಾನ್‌ವೆಲ್ ಕೂರಿಸಿದ್ದ ರಾಜ ಹೊರಟುಹೋಗಿ, ಬೇರೊಂದು ಬಾಗಿಲಿನಿಂದ ಬೇರೊಬ್ಬ ರಾಜ ಇಣುಕಿ ನೋಡುತ್ತಿರುವಂತಿದೆ. ಈ ಸಲವಾದರೂ ಅವಸರಪಡದಿರುವುದು ಮೇಲು.

ಮೂಳೆಗಳಿಗಿಂತಲೂ ಸ್ಪಷ್ಟವಾಗಿ ಅವರ ಮನಸ್ಸನ್ನು ಹೇಳುವುದು ಸೂರ್ಯ. 1967ರ ಡಿಸೆಂಬರಿನಲ್ಲಿ ಪ್ರಾಧ್ಯಾಪಕ ಮೈಕೆಲ್ ಓ’ಕೆಲಿಯವರು ನ್ಯೂಗ್ರೇಂಜಿನ ಕೋಣೆಯೊಳಗೆ ಒಬ್ಬರೇ ಕುಳಿತು, ವರ್ಷದ ಅತಿ ಚಿಕ್ಕ ಹಗಲಿನ ಸೂರ್ಯೋದಯದ ಕಿರಣ ಬಾಗಿಲ ಮೇಲಿನ ಕಿಂಡಿಯಿಂದ ಹಾಯ್ದು ಒಳಗಿನವರೆಗೆ ಬಂದುದನ್ನು ಕಂಡರು. 1980ರ ಮಾರ್ಚಿನಲ್ಲಿ ಮಾರ್ಟಿನ್ ಬ್ರೆನನ್, ಜ್ಯಾಕ್ ರಾಬರ್ಟ್ಸ್ ಎಂಬಿಬ್ಬರು ಲಾಕ್‌ಕ್ರೂವಿನ ‘ಟಿ’ ಗುಪ್ಪೆಯಲ್ಲಿ ಕಾದರು. ಹಗಲು ಇರುಳು ಸಮವಾಗುವ ವಿಷುವದ ಹೊತ್ತು ಅದು. ಸೂರ್ಯ ನೇರ ಪೂರ್ವದಲ್ಲಿ ಹುಟ್ಟಿದ. ಬೆಳಕಿನ ಒಂದು ಚೌಕ ಓಣಿಯನ್ನು ಹಾದು ಒಳಗೂಡಿನ ಹಿಂಬಂಡೆಯ ಮೇಲೆ ಬಿತ್ತು. ಆ ಬಂಡೆಯ ತುಂಬ ವೃತ್ತದೊಳಗೆ ಕಿರಣಗಳಂತೆ, ಹೂವಿನ ಎಸಳುಗಳಂತೆ ಕೊರೆದ ಆಕೃತಿಗಳಿವೆ. ಬೆಳಕು ಅವುಗಳನ್ನು ಒಂದೊಂದಾಗಿ ಸವರುತ್ತ, ಎಡದಿಂದ ಬಲಕ್ಕೆ ಇಳಿಯುತ್ತ ಸರಿದು ಆರಿತು.

ಇಲ್ಲೊಂದು ಗಣಿತದ ಸ್ವಾರಸ್ಯವಿದೆ. ಭೂಮಿಯ ಅಕ್ಷದ ಓರೆ ಸಾವಿರಾರು ವರ್ಷಗಳಲ್ಲಿ ಅಷ್ಟಿಷ್ಟು ಬದಲಾಗುವುದರಿಂದ ಉತ್ತರಾಯಣ ದಕ್ಷಿಣಾಯಣಗಳ ತುದಿಯ ಸೂರ್ಯೋದಯದ ಜಾಗ ಅಂದಿಗೂ ಇಂದಿಗೂ ಸ್ವಲ್ಪ ಸರಿದಿದೆ. ವಿಷುವದ ಸೂರ್ಯೋದಯ ಮಾತ್ರ ಯಾವ ಕಾಲಕ್ಕೂ ನೇರ ಪೂರ್ವವೇ. ಆದುದರಿಂದ ಇಂದು ಆ ಬಂಡೆಯ ಮೇಲೆ ಬೀಳುವ ಬೆಳಕು ಐದು ಸಾವಿರ ವರ್ಷದ ಹಿಂದೆ ಬಿದ್ದ ಬೆಳಕಿನ ಹಾದಿಯಲ್ಲೇ ಬರುತ್ತದೆ. ಬಿತ್ತನೆಯ ಹೊತ್ತಿಗೊಮ್ಮೆ, ಸುಗ್ಗಿ ಮುಗಿದ ಹೊತ್ತಿಗೊಮ್ಮೆ ತಮ್ಮ ಹಿರಿಯರ ಬೂದಿಯಿದ್ದ ಗೂಡಿಗೆ ಸೂರ್ಯನನ್ನು ಕರೆತಂದರು ಆ ರೈತರು. ಏನೆಂದು ಪ್ರಾರ್ಥಿಸಿದರೋ, ಆ ಮಾತು ಯಾವ ಕಲ್ಲಿನ ಮೇಲೂ ಇಲ್ಲ.

ಈಗ ಲಾಭನಷ್ಟದ ಲೆಕ್ಕವನ್ನೂ ಹೇಳಬೇಕು. 19ನೆಯ ಶತಮಾನದಲ್ಲಿ ಮುದುಕಿಯ ಭಯ ಸಡಿಲವಾದಂತೆ ಕಲ್ಲು ಬೇಕಾದವರು ಬೆಟ್ಟ ಹತ್ತಿದರು. ಹೊಲದ ಗೋಡೆಗಳಿಗೆ ಗುಪ್ಪೆಗಳ ಕಲ್ಲು ಹೋಯಿತು. ಪ್ಯಾಟ್ರಿಕ್‌ಟೌನ್ ನೆತ್ತಿಯ ಮೇಲಿನವು ಹೆಚ್ಚುಕಡಮೆ ನೆಲಸಮವಾದವು. ಕಾನ್‌ವೆಲ್ಲರ ಅಗೆತವೂ ಇಂದಿನ ಕಣ್ಣಿಗೆ ಒರಟು. ಯಾವ ಮೂಳೆ ಯಾವ ಪದರದಲ್ಲಿತ್ತೆಂಬ ಸೂಕ್ಷ್ಮ ಅದರಲ್ಲಿ ಉಳಿಯಲಿಲ್ಲ. ‘ಎಚ್’ ಗುಪ್ಪೆಯೊಳಗೆ ನಯಗೊಳಿಸಿದ ಎಲುಬಿನ ಪಟ್ಟಿಗಳ ಚೂರುಗಳು ಸಾವಿರಾರು ಸಿಕ್ಕಿದವು. ಕೆಲವದರ ಮೇಲೆ ಕೈವಾರದಿಂದ ಬರೆದ ಕಬ್ಬಿಣಯುಗದ ನಾಜೂಕಾದ ಬಳ್ಳಿಗೆರೆಗಳಿವೆ. ಗೋರಿ ಕಟ್ಟಿ ಮೂರು ಸಾವಿರ ವರ್ಷವಾದ ಮೇಲೆ ಅಲ್ಲಿಗೆ ಬಂದ ಯಾವನೋ ಕುಶಲಿಯ ಕೈಕೆಲಸ ಅದು. ಪದರಗಳು ಕದಡಿಹೋದ ಕಾರಣ ಆತ ಏಕೆ ಬಂದ, ಎಷ್ಟು ಕಾಲ ಇದ್ದ ಎಂಬುದನ್ನು ಓದುವುದು ಕಷ್ಟವಾಗಿದೆ. 1930ರಲ್ಲಿ ಐರ್ಲೆಂಡಿನ ಸ್ವತಂತ್ರ ಸರ್ಕಾರ ರಾಷ್ಟ್ರೀಯ ಸ್ಮಾರಕಗಳ ಕಾನೂನು ಮಾಡಿತು. ವಿಷುವದ ಬೆಳಿಗ್ಗೆ ಬೆಟ್ಟದ ಮೇಲೆ ಜನ ಸೇರುವ ವಾಡಿಕೆಯೂ ಬೆಳೆಯಿತು. ಈಚಿನ ವರ್ಷಗಳಲ್ಲಿ ಕಲ್ಲುಗಳ ಭದ್ರತೆಯ ಸಲುವಾಗಿ ‘ಟಿ’ ಗುಪ್ಪೆಯೊಳಗೆ ಹೋಗುವುದನ್ನೇ ತಡೆದದ್ದುಂಟು.

ಮುದುಕಿ, ಓಲವ್ ಫೋಲಾ, ಕೆಲ್ಟರು, ಸಿಥಿಯನರು, ಹೀಗೆ ಎಷ್ಟೋ ಜನ ಈ ಬೆಟ್ಟಕ್ಕೆ ಒಡೆಯರಾಗಿ ಬಂದು ಹೋದರು. ಉಳಿದದ್ದು ಏನು? ಶಾಲಾ ಇನ್ಸ್‌ಪೆಕ್ಟರು ಕೊಟ್ಟ ಅಕ್ಷರಗಳು ಉಳಿದವು. ಡು ನೋಯರರ ಚಿತ್ರಗಳು ಉಳಿದವು. ನಮ್ಮ ಕಡೆಯಲ್ಲಿ ಟೇಲರ್ ಸಾಹೇಬರ ಅಳತೆಗಳು, ಅಡ್ಡಕೊಯ್ತದ ನಕ್ಷೆಗಳು ಉಳಿದವು. ಅವರ ಸಿದ್ಧಾಂತಗಳನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಅವರು ಕಣ್ಣಾರೆ ಕಂಡು, ಹಗ್ಗ ಹಿಡಿದು ಅಳೆದು ಬರೆದದ್ದಿಲ್ಲದೆ ಇಂದಿನ ವಿದ್ವಾಂಸರಿಗೆ ಹಲವು ಕಡೆ ಆಧಾರವೇ ಇರುತ್ತಿರಲಿಲ್ಲ.

ನಮ್ಮ ನಾಡಿನಲ್ಲೂ ಈ ಗೋರಿಗಳನ್ನು ಬಹುಕಾಲ ಕಾಯ್ದದ್ದು ಕಥೆಯೇ. ಎಷ್ಟೋ ಊರುಗಳಲ್ಲಿ ಇವು ಪಾಂಡವರ ಮನೆಗಳು. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲಿ ಕುಳ್ಳರಾದ ಮೊರೇರು ಕಟ್ಟಿದ ಮನೆಗಳೆಂದು ಹೇಳಿಕೆ. ಅಲ್ಲಿನ ನೂರಾರು ಶಿಲಾಸಮಾಧಿಗಳ ನೆಲೆಯನ್ನು 2021ರಲ್ಲಿ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿಸಿದರು. ಪಟ್ಟಿಗೆ ಸೇರದ ನೆಲೆಗಳು ಇನ್ನೂ ಬಹಳ ಇವೆ. ಕಥೆಯನ್ನು ನಂಬುವವರು ಕಡಿಮೆಯಾಗುತ್ತಿದ್ದಾರೆ; ಕಲ್ಲಿಗೆ ಗಿರಾಕಿಗಳು ಹೆಚ್ಚುತ್ತಿದ್ದಾರೆ. ಹಿಂದೆ ಭಯ ಮಾಡುತ್ತಿದ್ದ ಕಾವಲನ್ನು ಇನ್ನು ಮುಂದೆ ತಿಳುವಳಿಕೆ ಮಾಡದಿದ್ದರೆ ಗತಿಯಿಲ್ಲ.

ಓದುಗರು ಎಂದಾದರೂ ರಾಜನಕೋಳೂರಿನ ಕಡೆಗೋ ವಿಭೂತಿಹಳ್ಳಿಯ ಕಡೆಗೋ ಹೋದರೆ ದಾರಿಯಿಂದ ಸ್ವಲ್ಪ ಒಳಗೆ ನಡೆದು ಆ ಕಲ್ಲುಗಳ ಬಳಿ ನಿಲ್ಲಬೇಕು. ಮಕ್ಕಳು ಜೊತೆಗಿದ್ದರೆ ಎಷ್ಟು ಕಲ್ಲು, ಯಾವ ದಿಕ್ಕಿಗೆ, ಎಷ್ಟು ಹೆಜ್ಜೆ ದೂರಕ್ಕೆ ಎಂದು ಎಣಿಸಿ ಬರೆದಿಡಲು ಹೇಳಬೇಕು. ಒಂದು ಕಲ್ಲನ್ನೂ ಕದಲಿಸಬಾರದು. ಒಂದು ದಿನದ ವಿಹಾರಕ್ಕೆಂದು ಬೆಟ್ಟ ಹತ್ತಿದ ಕಾನ್‌ವೆಲ್ ದಂಪತಿಗಳು ಮೊದಲ ದಿನ ಮಾಡಿದ್ದೂ ಅಷ್ಟೇ: ನಿಂತು ನೋಡಿದರು, ಎಣಿಸಿದರು.